ಅಣ್ಣನ ಮಗನಿಗೆ ಒಬ್ಬ ಗೆಳೆಯ ಬೇಕು, ಮನೆಯ ಕಟ್ಟಳೆ ಬಿಡುತ್ತಿಲ್ಲ

ಪೆರ್ಲದ ಅತ್ತೆ:

ಎಲ್ಲರಿಗೂ ನಮಸ್ಕಾರ. ನನ್ನ ತವರು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆ. ಈಗ ಮಂಗಳೂರಿನಲ್ಲಿದ್ದೇನೆ. ಅಣ್ಣನ ಮಗನ ವಿಷಯದಲ್ಲಿ ನಿಮ್ಮ ಸಲಹೆ ಬೇಕಾಗಿತ್ತು. ಹುಡುಗನಿಗೆ ಒಂಬತ್ತು ವರ್ಷ. ನಾಲ್ಕನೇ ಕ್ಲಾಸು, ಕನ್ನಡ ಮಾಧ್ಯಮ. ಒಬ್ಬನೇ ಮಗ.

ಮೊದಲೇ ಹೇಳಿಬಿಡುತ್ತೇನೆ, ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಅವನಿಗೆ ಯಾರೂ ಹೊಡೆಯುವುದಿಲ್ಲ, ಬೈಯುವುದೂ ಕಡಿಮೆ. ನನ್ನ ಅಪ್ಪನಿಗೆ ಮೊಮ್ಮಗ ಅಂದರೆ ಪ್ರಾಣ. ಆದರೆ ಮನೆಯ ಕ್ರಮವೆಲ್ಲ ಅಪ್ಪನದ್ದು. ಶಾಲೆಯ ಜೀಪಿನಿಂದ ಇಳಿದರೆ ನೇರ ಮನೆಗೆ. ಸ್ನಾನ, ತಿಂಡಿ, ಹೋಂವರ್ಕು. ಮುಸ್ಸಂಜೆ ದೀಪ ಹಚ್ಚಿದ ಮೇಲೆ ಭಜನೆ, ಬಾಯಿಪಾಠ. ಎಂಟಕ್ಕೆ ಊಟ. ಯಾರ ಮನೆಗೂ ಹೋಗುವಂತಿಲ್ಲ. ಹೊರಗೆ ಏನೂ ತಿನ್ನುವಂತಿಲ್ಲ. ಶಾಲೆಯ ಮಧ್ಯಾಹ್ನದ ಊಟವೂ ಬೇಡ, ಮನೆಯಿಂದಲೇ ಬುತ್ತಿ. ಯಾರನ್ನೂ ಮನೆಗೆ ಕರೆದುಕೊಂಡು ಬರುವಂತಿಲ್ಲ.

ನಮ್ಮ ಕಡೆ ಮನೆಗಳು ಹೇಗಿರುತ್ತವೆ ಅಂತ ಗೊತ್ತಿಲ್ಲದವರಿಗೆ ಹೇಳಬೇಕು. ಬೀದಿ ಇಲ್ಲ, ಕೇರಿ ಇಲ್ಲ. ಕೆಳಗೆ ಅಡಿಕೆ ತೋಟ, ತೋಟದ ಬದಿಗೆ ಮನೆ, ಹಿಂದೆ ಗುಡ್ಡೆ. ಪಕ್ಕದ ಮನೆಗೆ ಹೋಗಬೇಕಾದರೆ ತೋಡು ದಾಟಿ ಗುಡ್ಡೆ ಹತ್ತಿ ಇಳಿಯಬೇಕು. ಮಳೆಗಾಲದಲ್ಲಿ ತೋಡು ತುಂಬಿದರೆ ಅದೂ ಇಲ್ಲ. ಮಗುವಿಗೆ ತಾನಾಗಿ ಗೆಳೆಯರು ಸಿಗುವ ಜಾಗ ಅಲ್ಲ ಇದು. ದೊಡ್ಡವರೇ ದಾರಿ ಮಾಡಿಕೊಡಬೇಕು.

ಆಟಿ ತಿಂಗಳಲ್ಲಿ ತವರಿಗೆ ಹೋಗಿದ್ದೆ. ಜೋರು ಮಳೆ ಅಂತ ಶಾಲೆಗೆ ರಜೆ ಕೊಟ್ಟಿದ್ದರು. ಹುಡುಗ ಜಗಲಿಯಲ್ಲಿ ಚೆನ್ನೆಮಣೆ ಇಟ್ಟುಕೊಂಡಿದ್ದ. ಹದಿನಾಲ್ಕು ಗುಳಿಗೂ ನಾಲ್ಕು ನಾಲ್ಕು ಕಾಯಿ ಸರಿಯಾಗಿ ಹಾಕಿದ್ದ. ಈಚೆ ಕೂತು ಒಮ್ಮೆ ಆಡುತ್ತಾನೆ. ಎದ್ದು ಆಚೆ ಹೋಗಿ ಕೂತು ಇನ್ನೊಮ್ಮೆ ಆಡುತ್ತಾನೆ. ಆಚೆ ಕೂತಾಗ ಅವನ ಸ್ವರವೇ ಬೇರೆ. "ನೀನು ಮೋಸ ಮಾಡಿದೆ" ಅಂತ ಈಚೆಯವನಿಗೆ ಹೇಳುತ್ತಾನೆ. ಆಚೆಯವನಿಗೆ ಒಂದು ಹೆಸರೂ ಇದೆ. ಅದು ಅವನ ಕ್ಲಾಸಿನ ಒಬ್ಬ ಹುಡುಗನ ಹೆಸರು.

ಆ ಹುಡುಗ ನಮ್ಮಲ್ಲಿಗೆ ಅಡಿಕೆ ಸುಲಿಯಲು ಬರುವವರ ಮಗ. ಶಾಲೆಯಲ್ಲಿ ಇಬ್ಬರದ್ದೂ ಒಂದೇ ಬೆಂಚು. ರಜೆ ಇದ್ದಾಗ ಅವನೂ ಅಮ್ಮನ ಜೊತೆ ನಮ್ಮಲ್ಲಿಗೆ ಬರುತ್ತಾನೆ. ಆಗ ಇವನು ಜಗಲಿಯಲ್ಲಿ, ಅವನು ಕೆಳಗೆ ಅಂಗಳದ ಬದಿಯಲ್ಲಿ. ಇಬ್ಬರೂ ಮಾತಾಡುವುದಿಲ್ಲ. ಕಣ್ಣಿಗೆ ಕಣ್ಣು ಸಿಕ್ಕಿದರೆ ಬೇರೆ ಕಡೆ ತಿರುಗುತ್ತಾರೆ.

ರಾತ್ರಿ ಮಲಗುವಾಗ ಕೇಳಿದ: "ಅತ್ತೆ, ಒಬ್ಬ ನಮ್ಮ ಮನೆಗೆ ಬರಬೇಕಾದರೆ ಏನು ಕೆಲಸ ಇದೆ ಅಂತ ಹೇಳಬೇಕು?"

ಸುಮ್ನೆ ಆಡಲಿಕ್ಕೆ ಒಬ್ಬನ ಮನೆಗೆ ಇನ್ನೊಬ್ಬ ಬರಬಹುದು ಅಂತ ಅವನಿಗೆ ಗೊತ್ತೇ ಇಲ್ಲ. ಅವನು ನೋಡಿದ್ದು ಕೆಲಸದವರನ್ನು, ಪುರೋಹಿತರನ್ನು, ನೆಂಟರನ್ನು, ಅಡಿಕೆ ವ್ಯಾಪಾರಿಯನ್ನು. ಎಲ್ಲರೂ ಏನಾದರೂ ಕಾರಣಕ್ಕೆ ಬರುವವರೇ.

ಅಪ್ಪನ ಹತ್ತಿರ ಹೇಗೆ ಮಾತಾಡಲಿ? ಅಣ್ಣ ಬಾಯಿ ಬಿಡುವುದಿಲ್ಲ. ಅತ್ತಿಗೆ ಎಲ್ಲ ನೋಡುತ್ತಾರೆ, ಸುಮ್ಮನಿರುತ್ತಾರೆ.

ಉಪ್ಪಳದವನು:

ಅಕ್ಕ, ಮಗುವಿಗೆ ಆಟ ಆಡುವ ಹಕ್ಕಿದೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿಯಲ್ಲೇ ಅದು ಇದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ. ಮನೆಯವರು ಕೇಳದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಎರಡು ಮಕ್ಕಳ ಅಮ್ಮ, ನೀರ್ಚಾಲು:

1098 ಅಪಾಯದಲ್ಲಿರುವ ಮಕ್ಕಳಿಗೆ. ಹೊಡೆತ, ಹಸಿವು, ಕೆಟ್ಟ ಮುಟ್ಟುವಿಕೆ ಇದ್ದರೆ ಒಂದು ನಿಮಿಷವೂ ಯೋಚಿಸದೆ ಫೋನ್ ಮಾಡಬೇಕು. ಇಲ್ಲಿ ಅಜ್ಜನ ಮೇಲೆ ದೂರು ಕೊಟ್ಟರೆ ಹುಡುಗ ಇನ್ನೂ ಒಂಟಿಯಾಗುತ್ತಾನೆ, ಅಲ್ವಾ?

ಕ್ರಮ ಎಲ್ಲ ತಪ್ಪು ಅಂತ ನಾನು ಹೇಳುವುದಿಲ್ಲ. ನನ್ನ ಮಕ್ಕಳಿಗೂ ಕ್ರಮ ಇದೆ. ನಮ್ಮ ಮನೆಯ ಮೇಲಿನ ಗುಡ್ಡೆಯಲ್ಲಿ ಕೆಂಪು ಕಲ್ಲು ಕಡಿದು ಬಿಟ್ಟ ಹೊಂಡಗಳಿವೆ. ಬೇಲಿ ಇಲ್ಲ. ಜೂನ್ ಬಂತು ಅಂದರೆ ನೀರು ತುಂಬಿ ಆಳ ಎಷ್ಟು ಅಂತ ಗೊತ್ತಾಗುವುದಿಲ್ಲ. ಕಟ್ಟೆ ಇಲ್ಲದ ಬಾವಿಗಳೂ ಇವೆ. ಆ ಕಡೆ ಹೋಗಬಾರದು, ಕತ್ತಲಾಗುವ ಮೊದಲು ಬರಬೇಕು, ಎಲ್ಲಿಗೆ ಹೋಗುತ್ತೀರಿ ಅಂತ ಹೇಳಿ ಹೋಗಬೇಕು. ಈ ಮೂರರಲ್ಲಿ ರಿಯಾಯಿತಿ ಇಲ್ಲ. ಆದರೆ ಇವೆಲ್ಲ ಎಲ್ಲಿ, ಯಾವಾಗ ಅನ್ನುವ ಕ್ರಮಗಳು. ಯಾರ ಜೊತೆ ಅಂತ ನಾನು ಕಟ್ಟು ಹಾಕಿಲ್ಲ. ನಿಮ್ಮ ತವರಿನಲ್ಲಿ ಮುಖ್ಯವಾದದ್ದು ಈ ಕೊನೆಯದೇ ಅಂತ ಅನಿಸುತ್ತದೆ.

ನಿವೃತ್ತ ಮಾಷ್ಟ್ರು, ಬದಿಯಡ್ಕ:

ನಾನು ಕನ್ನಡ ಶಾಲೆಯಲ್ಲೇ ಕೆಲಸ ಮಾಡಿದವನು. ಕೆಲವು ವಿಷಯ ಹೇಳುತ್ತೇನೆ ತಂಗಿ.

ತನ್ನೊಡನೆ ತಾನೇ ಆಡುವುದಕ್ಕೆ ಹೆದರಬೇಡಿ. ಅದು ಕಾಯಿಲೆ ಅಲ್ಲ. ಅಮೆರಿಕದ ಮನೋವಿಜ್ಞಾನಿ ಮಾರ್ಜೊರಿ ಟೇಲರ್ ಮತ್ತು ಸಂಗಡಿಗರು 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಏಳು ವರ್ಷದೊಳಗೆ ನೂರರಲ್ಲಿ 65 ಮಕ್ಕಳಿಗೆ ಯಾವುದಾದರೂ ಒಂದು ಕಲ್ಪನೆಯ ಗೆಳೆತನ ಇದ್ದೇ ಇರುತ್ತದೆ ಅಂತ ಅದರಲ್ಲಿ ಕಂಡುಬಂತು. ಆದರೆ ನಿಮ್ಮ ಹುಡುಗ ಕಲ್ಪಿಸಿಕೊಂಡದ್ದು ಇಲ್ಲದವನನ್ನಲ್ಲ. ಇರುವ ಒಬ್ಬ ಹುಡುಗನನ್ನು. ಅವನಿಗೆ ಬೇಕಾದದ್ದು ಅವನಿಗೆ ಸ್ಪಷ್ಟವಾಗಿ ಗೊತ್ತಿದೆ.

ವಯಸ್ಸನ್ನೂ ಗಮನಿಸಿ. ಹ್ಯಾರಿ ಸ್ಟ್ಯಾಕ್ ಸಲಿವನ್ ಅಂತ ಒಬ್ಬ ಮನೋವೈದ್ಯರು ಇದ್ದರು (1892–1949). ಎಂಟೂವರೆಯಿಂದ ಹತ್ತು ವರ್ಷದ ಹೊತ್ತಿಗೆ ಮಗುವಿಗೆ ಒಬ್ಬ ಆಪ್ತ ಗೆಳೆಯ ಬೇಕೆನಿಸುತ್ತದೆ ಅಂತ ಅವರು ಹೇಳಿದರು. ಅದಕ್ಕಿಂತ ಮೊದಲು ಮಗುವಿಗೆ ಆಟಕ್ಕೆ ಯಾರಾದರೂ ಸಾಕು. ಈ ವಯಸ್ಸಿನಲ್ಲಿ ಹಾಗಲ್ಲ. ಆ ಒಬ್ಬನಿಗೆ ಖುಷಿಯಾದರೆ ತನಗೂ ಖುಷಿ, ಅವನಿಗೆ ನೋವಾದರೆ ತನಗೂ ನೋವು. ಮನುಷ್ಯ ಇನ್ನೊಬ್ಬನನ್ನು ತನ್ನಷ್ಟೇ ಮುಖ್ಯ ಅಂತ ತಿಳಿಯುವುದು ಅಲ್ಲಿಂದ ಶುರು ಅಂತ ಸಲಿವನ್ ಅಭಿಪ್ರಾಯ. ತರಗತಿಯಲ್ಲಿ ನಾನು ಕಂಡದ್ದೂ ಅದೇ. ನಾಲ್ಕನೇ ಕ್ಲಾಸಿನ ಮಕ್ಕಳು ಜೋಡಿ ಜೋಡಿಯಾಗಿಯೇ ನೀರು ಕುಡಿಯಲು ಹೋಗುತ್ತಾರೆ.

ನನಗೆ ಹೆಚ್ಚು ಬೇಸರವಾದದ್ದು ಬುತ್ತಿಯ ವಿಷಯ ಓದಿ. ನೀವು ಅದನ್ನು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ಶಾಲೆಯಲ್ಲಿ ಗೆಳೆತನ ಪಾಠದ ಹೊತ್ತಿನಲ್ಲಿ ಬೆಳೆಯುವುದಿಲ್ಲ. ಊಟದ ಹೊತ್ತಿನಲ್ಲಿ ಬೆಳೆಯುತ್ತದೆ. ಬಟ್ಟಲು ತೊಳೆಯಲು ಸಾಲು ನಿಲ್ಲುವಾಗ, ಇನ್ನೊಂದು ಸೌಟು ಸಾಂಬಾರಿಗೆ ಓಡುವಾಗ, ಉಳಿದ ಹೊತ್ತಿನಲ್ಲಿ ಅಂಗಳದಲ್ಲಿ ತುಳುವಿನಲ್ಲಿ ಕೂಗಾಡುವಾಗ. ಹಿಂದೆ ಗಂಜಿ ಮತ್ತು ಹೆಸರುಕಾಳು ಇತ್ತು, ಈಗ ಅನ್ನ ಇದೆ. ಉಳಿದದ್ದೆಲ್ಲ ಹಾಗೆಯೇ ಇದೆ. ಬುತ್ತಿ ತರುವ ಮಗು ಕ್ಲಾಸಿನೊಳಗೆ ಒಂಟಿಯಾಗಿ ಕೂತು ತಿಂದು ಮುಗಿಸುತ್ತದೆ. ಮಕ್ಕಳು ಅದನ್ನು ಗಮನಿಸುತ್ತಾರೆ. ಯಾಕೆ ಅಂತಲೂ ಅವರಿಗೆ ಗೊತ್ತಾಗುತ್ತದೆ.

ಇನ್ನೊಂದು. ಈಗ ಒಂದೇ ಊರಿನ ಮಕ್ಕಳು ಬೆಳಿಗ್ಗೆ ಬೇರೆ ಬೇರೆ ಗಾಡಿ ಹತ್ತುತ್ತಾರೆ. ಒಬ್ಬ ಕನ್ನಡ ಶಾಲೆಗೆ, ಒಬ್ಬ ಮಲಯಾಳಕ್ಕೆ, ಇನ್ನೊಬ್ಬ ದೂರದ ಇಂಗ್ಲಿಷ್ ಶಾಲೆಗೆ. ಆಚೆ ಮನೆಯ ಹುಡುಗನ ಹೆಸರು ಈಚೆ ಮನೆಯವನಿಗೆ ಗೊತ್ತಿಲ್ಲ. ನಾವು ಶಾಲೆಗೆ ಹೋಗುವಾಗ ಗುಡ್ಡೆಯ ಕಾಲುದಾರಿಯಲ್ಲಿ ಒಟ್ಟಿಗೆ ನಡೆಯುತ್ತಿದ್ದೆವು. ಕಟ್ಟುನಿಟ್ಟಿನ ಮನೆಯ ಮಕ್ಕಳಿಗೆ ಆ ನಡಿಗೆಯಾದರೂ ಇತ್ತು. ಜೀಪು ಬಂದು ಅದೂ ಹೋಯಿತು. ನಿಮ್ಮ ಅಪ್ಪ ಬಾಲ್ಯದಲ್ಲಿ ಇದಕ್ಕಿಂತ ಬಿಗಿಯಾದ ಮನೆಯಲ್ಲಿ ಬೆಳೆದಿರಬಹುದು. ಆದರೆ ಇಷ್ಟು ಒಂಟಿಯಾಗಿ ಬೆಳೆದಿರಲಾರರು. ಅದನ್ನೇ ಅವರ ಹತ್ತಿರ ಕೇಳಿ ನೋಡಿ. ಅವರ ಗೆಳೆಯ ಯಾರಿದ್ದರು ಅಂತ.

ಗುಡ್ಡೆ ಮನೆಯ ಅಕ್ಕ:

ನಮ್ಮಲ್ಲಿ ಕಟ್ಟಳೆ ಮಾಡಿದ್ದು ಅಜ್ಜ ಅಲ್ಲ, ಕಾಯಿಲೆ. 2000ದ ತನಕ ನಮ್ಮ ಸುತ್ತಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುತ್ತಿದ್ದರು. ನನ್ನ ತಮ್ಮ ಮಲಗಿದಲ್ಲೇ ಇದ್ದ. ಅಮ್ಮ ಕೆಲಸಕ್ಕೆ ಹೋದರೆ ನಾನು ಮನೆಯಲ್ಲಿ ಇರಬೇಕು. ಆಟಕ್ಕೆ ಹೋಗುವ ಮಾತೇ ಇಲ್ಲ. ನಮ್ಮಲ್ಲಿಗೂ ಯಾರೂ ಬರುತ್ತಿರಲಿಲ್ಲ. ತಮ್ಮನನ್ನು ನೋಡಿದರೆ ಮಕ್ಕಳು ಹೆದರುತ್ತಾರೆ ಅಂತ ಅವರ ಮನೆಯವರು ಕಳಿಸುತ್ತಿರಲಿಲ್ಲ.

ಒಬ್ಬಳು ಬಂದಳು. ಕ್ಲಾಸಿನವಳು. ನೋಟ್ಸ್ ಕೊಡಲು ಬಂದವಳು ಜಗಲಿಯಲ್ಲಿ ಕೂತಳು, ತಮ್ಮನ ಬಾಯಿ ಒರೆಸಿದಳು, ಕತ್ತಲಾಗುವ ಹೊತ್ತಿಗೆ ಹೋದಳು. ಮತ್ತೆ ಬಂದಳು. ನನಗೆ ಬೇರೆ ಯಾರೂ ಬೇಕಾಗಲಿಲ್ಲ. ಈಗ ಅವಳ ಮಗಳು ನನ್ನನ್ನು ದೊಡ್ಡಮ್ಮ ಅನ್ನುತ್ತಾಳೆ. ಮಾಷ್ಟ್ರು ಹೇಳಿದ್ದು ನಿಜ. ಒಬ್ಬರು ಸಾಕು.

ಅಂಗಳದ ಕಡೆಯವನು:

ಎಲ್ಲ ಓದಿದೆ. ಬರೆಯಬೇಕೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ.

ಅಕ್ಕ, ನೀವು ಸ್ನಾನ, ಊಟ, ಭಜನೆ ಎಲ್ಲ ಬರೆದಿರಿ. ಜಾತಿ ಬರೆಯಲಿಲ್ಲ. ನಿಮ್ಮ ಅಪ್ಪನಿಗೆ ಅಡ್ಡ ಬರುತ್ತಿರುವುದು ಅದೇ. ಬ್ಯಾಂಕ್ ಮ್ಯಾನೇಜರನ ಮಗನೋ ನೆಂಟರ ಮಗನೋ ಆಡಲು ಬಂದಿದ್ದರೆ ಬಾಗಿಲು ತೆರೆಯುತ್ತಿತ್ತು.

ನನ್ನ ಅಮ್ಮ ಬಾಯಾರು ಕಡೆಯ ಒಂದು ಮನೆಗೆ ಕೆಲಸಕ್ಕೆ ಹೋಗುತ್ತಿದ್ದರು. ಶಾಲೆಗೆ ರಜೆ ಇದ್ದರೆ ನಾನೂ ಹೋಗುತ್ತಿದ್ದೆ. ಆ ಮನೆಯ ಹುಡುಗ ನನ್ನ ಕ್ಲಾಸಿನವನೇ. ಮನೆಯವರು ಮಧ್ಯಾಹ್ನ ಮಲಗಿದಾಗ ನಾವಿಬ್ಬರೂ ತೋಟದ ಕೆಳಗೆ ಸೇರುತ್ತಿದ್ದೆವು. ಅಡಿಕೆ ಹಾಳೆಯಲ್ಲಿ ಒಬ್ಬ ಕೂತುಕೊಳ್ಳುವುದು, ಇನ್ನೊಬ್ಬ ಎಳೆಯುವುದು. ಸುರಂಗದ ಬಾಯಿಯಲ್ಲಿ ನಿಂತು ಒಳಗೆ ಕೂಗಿ ಹಾಕುವುದು. ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ಸುರಂಗ, ಒಳಗಿನ ತಂಪು ಕಾಲಿಗೆ ಬಡಿಯುತ್ತಿತ್ತು. ನನ್ನ ಬಾಲ್ಯದಲ್ಲಿ ಅಷ್ಟು ಖುಷಿಯ ಹೊತ್ತು ಬೇರೆ ಇರಲಿಲ್ಲ.

ಒಂದು ದಿನ ಅವರ ದೊಡ್ಡಪ್ಪ ನೋಡಿದರು. ಹುಡುಗನಿಗೆ ಏನೂ ಹೇಳಲಿಲ್ಲ. ನನಗೂ ಹೇಳಲಿಲ್ಲ. ಸಂಜೆ ಕೂಲಿ ಕೊಡುವಾಗ ಅಮ್ಮನಿಗೆ ಹೇಳಿದರು, ನಾಳೆಯಿಂದ ಮಗನನ್ನು ತರಬೇಡ ಅಂತ. ಅಮ್ಮ ದಾರಿಯುದ್ದಕ್ಕೂ ಮಾತಾಡಲಿಲ್ಲ. ಆಮೇಲೆ ರಜೆಯಲ್ಲಿ ನಾನು ಮನೆಯಲ್ಲಿ ಒಬ್ಬನೇ. ಹೊರಗಿನಿಂದ ಚಿಲಕ ಹಾಕಿ ಹೋಗುತ್ತಿದ್ದರು. ಆ ಹುಡುಗನಿಗೆ ಮಾತಾಡಲು ಅಜ್ಜಿಯಾದರೂ ಇದ್ದರು.

ಆದ್ದರಿಂದ ನಿಮ್ಮನ್ನು ಬೇಡಿಕೊಳ್ಳುತ್ತೇನೆ. ನಿಮ್ಮ ಹುಡುಗನ ಬೇಸರ ಕಳೆಯಲು ಆ ಮಗುವನ್ನು ಕರೆಯುವುದಾದರೆ ಸರಿಯಾಗಿ ಕರೆಯಿರಿ. ಅಂಗಳದ ತನಕ ಬಾ, ಜಗಲಿ ಹತ್ತಬೇಡ ಅಂತ ಆಗಬಾರದು. ಬೇರೆ ಲೋಟ ಇಡಬಾರದು. ಕುಡಿದ ಲೋಟ ಅವನೇ ತೊಳೆದು ಕವುಚಿ ಇಡುವಂತೆ ಆಗಬಾರದು. ನಮಗೆ ಅದೆಲ್ಲ ಆಗಿದೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿ ಎಷ್ಟೋ ಕಾಲವಾಗಿತ್ತು, ಆದರೂ ಆಗಿದೆ. ಅರ್ಧ ತೆರೆದ ಬಾಗಿಲಿಗಿಂತ ಮುಚ್ಚಿದ ಬಾಗಿಲೇ ವಾಸಿ. ಒಂದು ಮಗುವಿನ ಒಂಟಿತನ ಕಳೆಯಲು ಇನ್ನೊಂದು ಮಗುವಿಗೆ ಅವಮಾನ ಮಾಡಬೇಡಿ.

ನನ್ನ ಆ ಗೆಳೆಯ ಈಗ ಬೆಂಗಳೂರಿನಲ್ಲಿದ್ದಾನೆ. ನಾನು ಶಾರ್ಜಾದಲ್ಲಿ. ಫೋನ್ ನಂಬರ್ ಇದೆ. ಹಬ್ಬಕ್ಕೆ ಮೆಸೇಜು ಬರುತ್ತದೆ. ಅದರಾಚೆ ಮಾತಿಲ್ಲ.

ಪೆರ್ಲದ ಅತ್ತೆ:

ಅಣ್ಣಾ, ನೀವು ಹೇಳಿದ್ದು ಸರಿ. ಬರೆದದ್ದಕ್ಕೆ ಕೈ ಮುಗಿಯುತ್ತೇನೆ. ನಿಮ್ಮ ಮಾತನ್ನು ಹಾಗೆಯೇ ಅತ್ತಿಗೆಗೆ ಓದಿ ಹೇಳುತ್ತೇನೆ.

ಮುಳ್ಳೇರಿಯದವಳು:

ನಾನು ಡಿಗ್ರಿ ಓದುತ್ತಿದ್ದೇನೆ. ನಮ್ಮ ಮನೆಯಲ್ಲಿ ತಮ್ಮನಿಗೆ ಒಂದು ಕ್ರಮ, ನನಗೆ ಒಂದು. ದೊಡ್ಡವಳಾದ ಮೇಲೆ ನನಗೆ ಆಟ ನಿಂತಿತು. ಗೆಳತಿಯ ಮದುವೆಗೂ ಅಪ್ಪ ಜೊತೆಗೆ ಬಂದರು. ನಮ್ಮೂರಿನ ಗ್ರಂಥಾಲಯಕ್ಕೆ ಮಾತ್ರ ಬೇಡ ಅನ್ನಲಿಲ್ಲ, ಅದು ಓದಲು ಅಲ್ವಾ. ಅಲ್ಲಿ ಬಾಲವೇದಿ ಅಂತ ಮಕ್ಕಳ ಕೂಟ ಇತ್ತು. ರಸಪ್ರಶ್ನೆ, ನಾಟಕ, ಹಾಡು. ಅಲ್ಲಿ ಸಿಕ್ಕಿದ ಇಬ್ಬರು ಇವತ್ತಿಗೂ ನನ್ನ ಗೆಳತಿಯರು. ಒಬ್ಬಳು ಮಲಯಾಳ ಮಾತಾಡುವವಳು, ಒಬ್ಬಳು ಬ್ಯಾರಿ. ಬಿಗಿ ಮನೆಯ ಮಕ್ಕಳಿಗೆ ಹೀಗೆ ದೊಡ್ಡವರು ಒಪ್ಪುವ ಒಂದು ಜಾಗ ಹುಡುಕಿಕೊಡಿ. ಯಕ್ಷಗಾನದ ಕ್ಲಾಸು ಇದ್ದರೆ ಅದೂ ಆಗುತ್ತದೆ. ಕುಂಬಳೆ ಸೀಮೆಯ ಅಜ್ಜಂದಿರು ಯಕ್ಷಗಾನಕ್ಕೆ ಬೇಡ ಅನ್ನುವುದು ಕಡಿಮೆ.

ಪೆರ್ಲದ ಅತ್ತೆ:

ಮತ್ತೆ ತವರಿಗೆ ಹೋಗಿ ಬಂದೆ. ಆದದ್ದನ್ನು ಹೇಳುತ್ತೇನೆ.

ಮಾಷ್ಟ್ರು ಹೇಳಿದ ಹಾಗೆ ಅಪ್ಪನ ಹತ್ತಿರ ಅವರ ಗೆಳೆಯನ ಬಗ್ಗೆ ಕೇಳಿದೆ. ಇದ್ದರು. ಇಬ್ಬರೂ ಸೂಟೆ (ಒಣ ತೆಂಗಿನ ಗರಿಯ ಪಂಜು) ಹಿಡಿದುಕೊಂಡು ಗುಡ್ಡೆ ದಾಟಿ ರಾತ್ರಿಯಿಡೀ ಬಯಲಾಟ ನೋಡಿದವರು. ಅಪ್ಪ ಒಂದು ಗಂಟೆ ಅದನ್ನೇ ಹೇಳಿದರು. ಮುಖವೇ ಬೇರೆ ಆಗಿತ್ತು. ಈಗ ಮನಸ್ಸು ಕರಗಿತು ಅಂತ ನಾನು ಅಂದುಕೊಂಡೆ. ಕೊನೆಗೆ ಅಂದರು, "ಅಷ್ಟು ಗೆಳೆತನ ಇದ್ದರೂ ಅವನು ಒಂದು ದಿನ ನಮ್ಮ ಜಗಲಿ ಹತ್ತಲಿಲ್ಲ. ನಾನು ಕರೆಯಲೂ ಇಲ್ಲ. ಏನು ಕಡಿಮೆಯಾಯಿತು?" ಅವರ ನಿಲುವು ಬದಲಾಗಲಿಲ್ಲ. ಆ ಗೆಳೆಯರಿಗೆ ಏನು ಕಡಿಮೆಯಾಗಿತ್ತು ಅಂತ ಕೇಳಲು ಅವರು ಈಗ ಇಲ್ಲ.

ಅಣ್ಣ ಎಂದಿನಂತೆ, "ಅಪ್ಪ ಇರುವಷ್ಟು ದಿನ ಹೀಗೇ ಹೋಗಲಿ" ಅಂದ. ಅಷ್ಟು ಹೊತ್ತಿಗೆ ಹುಡುಗ ಹದಿನೈದು ದಾಟಿರುತ್ತಾನೆ ಅಂತ ಹೇಳಿದೆ. ಅವನ ಹತ್ತಿರ ಉತ್ತರ ಇರಲಿಲ್ಲ.

ದಾರಿ ತೆರೆದದ್ದು ಅತ್ತಿಗೆ. ನಾನು ಇದನ್ನೆಲ್ಲ ಅಡುಗೆಮನೆಯಲ್ಲಿ ಓದಿ ಹೇಳಿದ್ದೆ. ಶಾರ್ಜಾದ ಅಣ್ಣ ಬರೆದದ್ದನ್ನು ಎರಡು ಸಲ ಓದಿಸಿದರು. ಮರುದಿನ ಹುಡುಗನ ಚೀಲದಲ್ಲಿ ಬುತ್ತಿ ಇಡಲಿಲ್ಲ. ಅಪ್ಪ ಕೇಳಿದರು. "ಇವತ್ತಿನಿಂದ ಶಾಲೆಯಲ್ಲೇ ಊಟ ಮಾಡುತ್ತಾನೆ ಮಾವ, ಟೀಚರಿಗೆ ಹೇಳಿದ್ದೇನೆ" ಅಂದರು. ಸ್ವರ ಏರಿಸಲಿಲ್ಲ. ಅಪ್ಪ ಆ ದಿನ ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಅತ್ತಿಗೆ ಬಡಿಸಿಟ್ಟು ಕಾದರು. ರಾತ್ರಿ ಉಂಡರು. ಬುತ್ತಿ ಮತ್ತೆ ಶುರುವಾಗಲಿಲ್ಲ.

ಆಮೇಲೆ ಅತ್ತಿಗೆ ಆ ಹುಡುಗನ ಅಮ್ಮನ ಹತ್ತಿರ ಹೋಗಿ, "ಶನಿವಾರ ನಿಮ್ಮ ಮಗನನ್ನು ಆಡಲು ಕಳಿಸುತ್ತೀರಾ? ಒಳಗೇ ಬರಲಿ, ನಾನಿದ್ದೇನೆ" ಅಂತ ಕೇಳಿದರು. ಅವರು ಸ್ವಲ್ಪ ಹೊತ್ತು ಅಡಿಕೆ ಸುಲಿಯುತ್ತಲೇ ಇದ್ದರು. ಆಮೇಲೆ ಹೇಳಿದರು, "ಬೇಡ ಅಕ್ಕ. ನಿಮ್ಮ ಮಾವನ ಎದುರು ಅವನಿಗೆ ಕಷ್ಟ ಆಗುತ್ತದೆ. ನಿಮ್ಮ ಹುಡುಗನನ್ನೇ ನಮ್ಮಲ್ಲಿಗೆ ಕಳಿಸಿ."

ನಮ್ಮಲ್ಲಿ ಯಾರೂ ಆ ದಾರಿ ಯೋಚಿಸಿಯೇ ಇರಲಿಲ್ಲ. ಅತ್ತಿಗೆ ಒಪ್ಪಿದರು. ಅವರೇ ಕರೆದುಕೊಂಡು ಹೋಗಿ ಬಿಟ್ಟು ಬರುತ್ತಾರೆ. ಕತ್ತಲಾಗುವ ಮೊದಲು ಹೋಗಿ ಕರೆತರುತ್ತಾರೆ. ಅಲ್ಲಿ ಅವರು ಕೊಟ್ಟ ಚಾ ಕುಡಿದು, ತಾವೂ ಕೂತು ಮಾತಾಡಿ ಬರುತ್ತಾರೆ. ಅಪ್ಪ ಒಂದು ಮಾತು ಹೇಳಿದ್ದಾರೆ, ಬಂದ ಕೂಡಲೇ ಹುಡುಗ ಸ್ನಾನ ಮಾಡಿಯೇ ಒಳಗೆ ಬರಬೇಕಂತೆ. ಇದಕ್ಕೆ ಏನು ಮಾಡುವುದು ಅಂತ ಅತ್ತಿಗೆ ಕೇಳಿದರು. ನನಗೂ ತಿಳಿಯಲಿಲ್ಲ.

ಅಂಗಳದ ಕಡೆಯವನು:

ಅಕ್ಕ, ನಿಮ್ಮ ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸಿ. ಆ ತಾಯಿಗೂ. ಅವರು ಮಗನನ್ನು ಕಾಪಾಡಿಕೊಂಡರು, ನಿಮ್ಮ ಮಗುವನ್ನು ಬೇಡ ಅನ್ನಲೂ ಇಲ್ಲ. ನನ್ನ ಅಮ್ಮನಿಗೆ ಹಾಗೆ ಹೇಳಲು ಅವಕಾಶವೇ ಇರಲಿಲ್ಲ.

ಸ್ನಾನದ ವಿಷಯ. ಆಡಿ ಬಂದ ಹುಡುಗನಿಗೆ ಮೈ ತುಂಬ ಮಣ್ಣು, ಸ್ನಾನ ಮಾಡಲಿ. ಶಾಲೆಯಿಂದ ಬಂದರೂ ಮಾಡುತ್ತಾನೆ. ಆದರೆ ಯಾಕೆ ಅಂತ ಅವನಿಗೆ ಹೇಳುವವರು ಅವನ ಅಮ್ಮ ಆಗಿರಲಿ. ಅಜ್ಜನ ಕಾರಣ ಮಗುವಿನ ಕಿವಿಗೆ ಬಿದ್ದರೆ, ಅದು ತಪ್ಪು, ಅಜ್ಜನ ಕಾಲದ ತಪ್ಪು ಅಂತ ಅಮ್ಮ ನೇರವಾಗಿ ಹೇಳಲಿ. ಒಂಬತ್ತು ವರ್ಷದವನಿಗೆ ಅರ್ಥವಾಗುತ್ತದೆ. ಮುಚ್ಚಿಟ್ಟರೆ ಗೆಳೆಯನ ಮನೆಯಲ್ಲಿ ಏನೋ ಕೊಳಕಿದೆ ಅಂತ ಅವನೇ ತಿಳಿದುಕೊಳ್ಳುತ್ತಾನೆ.

ನಿವೃತ್ತ ಮಾಷ್ಟ್ರು, ಬದಿಯಡ್ಕ:

ನನ್ನ ಅಭಿಪ್ರಾಯವೂ ಅದೇ. ಶಾಲೆಯಲ್ಲಿ ಊಟ ಶುರುವಾದ ಮೇಲೆ ಹುಡುಗ ಹೇಗಿದ್ದಾನೆ ಅಂತ ಟೀಚರ್ ಹತ್ತಿರ ಆಗಾಗ ಕೇಳುತ್ತಿರಿ. ಮೊದಲ ದಿನಗಳಲ್ಲಿ ಮಕ್ಕಳು ಕೆಣಕಬಹುದು. ಟೀಚರಿಗೆ ಗೊತ್ತಿದ್ದರೆ ಸುಧಾರಿಸುತ್ತಾರೆ.

ಪೆರ್ಲದ ಅತ್ತೆ:

ಕೆಣಕಿದರಂತೆ. ಅವನ ಗೆಳೆಯ ಜಗಳಕ್ಕೆ ನಿಂತನಂತೆ. ಟೀಚರೇ ಅತ್ತಿಗೆಗೆ ಹೇಳಿದರು.

ಒಂದು ಪ್ರಶ್ನೆ ಉಳಿದಿದೆ. ಆ ತಾಯಿ ಎಲ್ಲ ಶನಿವಾರವೂ ಮನೆಯಲ್ಲಿ ಇರಲು ಆಗುವುದಿಲ್ಲ, ಕೆಲಸಕ್ಕೆ ಹೋಗಬೇಕು. ಆಗ ಮಕ್ಕಳು ಎಲ್ಲಿ ಸೇರಬಹುದು? ಹತ್ತಿರದಲ್ಲಿ ಗ್ರಂಥಾಲಯ ಇಲ್ಲ.

ಎರಡು ಮಕ್ಕಳ ಅಮ್ಮ, ನೀರ್ಚಾಲು:

ಬಾಲಸಭಾ ಇದೆಯಾ ಅಂತ ವಿಚಾರಿಸಿ. ಕೇರಳ ಸರ್ಕಾರದ ಕುಟುಂಬಶ್ರೀ ಯೋಜನೆಯ ಅಯಲ್ಕೂಟಗಳ, ಅಂದರೆ ನೆರೆಹೊರೆಯ ಹೆಂಗಸರ ಗುಂಪುಗಳ ಜೊತೆಗೇ ಮಕ್ಕಳಿಗೂ ಕೂಟ ಮಾಡಬಹುದು, ಐದು ವರ್ಷ ದಾಟಿದ ಮಕ್ಕಳು ಸೇರಬಹುದು. ಆ ತಾಯಿ ಅಯಲ್ಕೂಟದಲ್ಲಿ ಇದ್ದರೆ ಅವರಿಗೇ ಗೊತ್ತಿರುತ್ತದೆ. ಇಲ್ಲದಿದ್ದರೆ ವಾರ್ಡ್ ಮೆಂಬರ್ ಹತ್ತಿರ ಕೇಳಿ. ನಮ್ಮಲ್ಲಿ ಅಂಗನವಾಡಿಯ ಕಟ್ಟಡದಲ್ಲೇ ಸೇರುತ್ತಾರೆ. ದೊಡ್ಡವರು ಒಬ್ಬರು ಇರಲೇಬೇಕು. ನಿಮ್ಮ ಅತ್ತಿಗೆಯೇ ಯಾಕೆ ಆಗಬಾರದು? ಕೇಳಿ ನೋಡಿ. ಹಾಡು, ಕಥೆ, ಚೆನ್ನೆಮಣೆ ಏನಾದರೂ ಆಗುತ್ತದೆ. ನನ್ನ ಮಗಳು ಬಣ್ಣದ ಪೆನ್ಸಿಲಿನ ಒಂದು ದೊಡ್ಡ ಡಬ್ಬಿ ಕಳಿಸುತ್ತಾಳಂತೆ. ಯಾವ ಬಸ್ಸಿನಲ್ಲಿ ಕಳಿಸಲಿ ಅಂತ ಹೇಳಿ.